ಅರಸೀಕೆರೆಯಿಂದ ಮೂಡಿಗೆರೆಗೆ: ಬಿತ್ತನೆ ಬೀಜದ ಜಾಡು ಹಿಡಿದು

ಜುಲೈ ಕೊನೆಯ ವಾರ ಹಾಸನ ಸೀಮೆಯಲ್ಲಿ ಒಂದೇ ದಿನಕ್ಕೆ ಮೂರು ಬೇಸಾಯ ನೋಡಬಹುದು. ಅರಸೀಕೆರೆ ಕಡೆ ರಾಗಿ ಬಿತ್ತನೆ, ಹಾಸನದ ಸುತ್ತ ಬೆಳೆದು ನಿಂತ ಆಲೂಗಡ್ಡೆ, ಸಕಲೇಶಪುರ ದಾಟಿದರೆ ಭತ್ತದ ನಾಟಿ. ಹಸಿರು ನೋಡಿ ಮರುಳಾಗದೆ ಮೂರೂ ಕಡೆ ಒಂದೇ ಮಾತು ಕೇಳುತ್ತಾ ಹೋಗಬೇಕು: ಮುಂದಿನ ವರ್ಷಕ್ಕೆ ಬಿತ್ತನೆ ಎಲ್ಲಿಂದ?

ಅರಸೀಕೆರೆಯಲ್ಲಿ ಉತ್ತರ ಮನೆಯೊಳಗೇ ಸಿಗುತ್ತದೆ. ಕೂರಿಗೆಯಲ್ಲಿ ಬಿತ್ತಿದರೆ ಎಕರೆಗೆ 4ರಿಂದ 5 ಕೆಜಿ ರಾಗಿ ಸಾಕು. ಕೊಯ್ಲಿಗೆ ಮುಂಚೆ ಒಳ್ಳೆಯ ತೆನೆ ಆರಿಸಿ ಒಣಗಿಸಿಟ್ಟರೆ ಆಯಿತು. ಕಾಳು ಸಣ್ಣದು, ಗಟ್ಟಿ. ಚೆನ್ನಾಗಿ ಒಣಗಿದ್ದರೆ ವರ್ಷಗಟ್ಟಲೆ ಹುಳು ಹಿಡಿಯುವುದಿಲ್ಲ. ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿಯಲ್ಲಿ ತುಂಬಿಡುತ್ತಿದ್ದರು. ಹಗೇವು ತೆರೆದ ಕೂಡಲೇ ಇಳಿಯಬಾರದು. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಂತಿರುತ್ತದೆ, ದೀಪ ಇಳಿಬಿಟ್ಟು ಆರದಿದ್ದರೆ ಮಾತ್ರ ಮನುಷ್ಯ ಇಳಿಯುವುದು. ಮಳೆ ತಡವಾದರೂ ಇಲ್ಲಿ ದಾರಿಯುಂಟು: 110–115 ದಿನದ ಜಿಪಿಯು-28 ತಳಿಯ ಹೊತ್ತು ಮೀರಿದರೆ 95–100 ದಿನದ ಜಿಪಿಯು-48 ತಳಿ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಕ್ಕಡಿ (ನಡುವಿನ ಮಿಶ್ರಬೆಳೆ) ಹಾಕಿದ ಹೊಲದಲ್ಲಿ ರಾಗಿ ಕೈಕೊಟ್ಟರೂ ಬೇಳೆಯಾದರೂ ಮನೆ ಸೇರುತ್ತದೆ. ಆದರೆ ಕೊಯ್ಲಿನ ಯಂತ್ರ ಬಂದ ಕಡೆ ಅಕ್ಕಡಿ ಸಾಲು ಮಾಯ. ಯಂತ್ರಕ್ಕೆ ಒಂದೇ ಬೆಳೆ, ಒಂದೇ ಹದ ಬೇಕು. ಕೂಲಿ ಉಳಿಯಿತು, ಅವರೆ ತೊಗರಿ ಅಂಗಡಿಯಿಂದ ಬಂದವು.

ಹಾಸನಕ್ಕೆ ಬಂದರೆ ಲೆಕ್ಕವೇ ಬೇರೆ. ಎಕರೆ ಆಲೂಗಡ್ಡೆಗೆ 6ರಿಂದ 8 ಕ್ವಿಂಟಾಲ್ ಬಿತ್ತನೆ ಗಡ್ಡೆ ಬೇಕು, ಅದು ಬಹುಪಾಲು ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರಬೇಕು. ಇಲ್ಲಿಯ ಗಡ್ಡೆಯನ್ನೇ ಇಟ್ಟುಕೊಂಡರಾಗದೇ? ಇಲ್ಲಿ ಗಿಡಹೇನು ನಂಜುರೋಗ ಹರಡುತ್ತದೆ, ವರ್ಷದಿಂದ ವರ್ಷಕ್ಕೆ ಇಳುವರಿ ಕುಸಿಯುತ್ತದೆ. ಪಂಜಾಬಿನ ಚಳಿಗಾಲದಲ್ಲಿ ಹೇನು ಕಡಿಮೆ ಇರುವಾಗ ಬೆಳೆದ ಗಡ್ಡೆ ಶೀತಲಗೃಹದಲ್ಲಿ ಮೇ ತಿಂಗಳವರೆಗೆ ಕಾಯುತ್ತದೆ. ಎಡವುವುದೂ ಇಲ್ಲೇ. ಶೀತಲಗೃಹದಿಂದ ತಂದ ಗಡ್ಡೆಯನ್ನು ನೆರಳಲ್ಲಿ 8–10 ದಿನ ಹರವಿ ಮೊಳಕೆ ಬರಿಸಬೇಕು. ಕತ್ತರಿಸುವುದಾದರೆ ಹೋಳಿಗೆ ಎರಡು ಮೂರು ಕಣ್ಣಿರಬೇಕು, ಕುಡುಗೋಲನ್ನು ಆಗಾಗ ಸೋಂಕುನಾಶಕದಲ್ಲಿ ಅದ್ದಬೇಕು, ಕೊಯ್ದ ಗಾಯ ಒಣಗಬೇಕು. ಮುಂಗಾರು ಬಂತೆಂದು ಹಸಿ ಹೋಳನ್ನೇ ಒದ್ದೆ ಮಣ್ಣಿಗಿಟ್ಟರೆ ಅಲ್ಲೇ ಕೊಳೆಯುತ್ತದೆ, ಬಿತ್ತನೆಗೆ ಕೊಟ್ಟ ದುಡ್ಡೆಲ್ಲ ಮಣ್ಣುಪಾಲು.

ಈ ಹೊತ್ತಿಗೆ ಆಲೂಗಡ್ಡೆ ಹೊಲದಲ್ಲಿ ನೋಡಬೇಕಾದ್ದು ಅಂಗಮಾರಿ ರೋಗ. ಮೋಡ, ಜಡಿಮಳೆ, ತಂಪು ಮೂರೂ ಸೇರಿದಾಗ ಬೆಳಿಗ್ಗೆ ಎಲೆ ತಿರುವಿ ನೋಡಿ. ಕಂದು ಮಚ್ಚೆಯ ಅಂಚಿಗೆ ಬಿಳಿ ಬೂಷ್ಟು ಕಂಡರೆ ಕೆಲವೇ ದಿನದಲ್ಲಿ ಹೊಲ ಸುಟ್ಟಂತಾಗುತ್ತದೆ. ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೊಜೆಬ್ ಶಿಲೀಂಧ್ರನಾಶಕದ ಸಿಂಪರಣೆ ಮಚ್ಚೆ ಕಾಣುವ ಮುಂಚೆ ಆದರೆ ಪ್ರಯೋಜನ, ಆಮೇಲೆ ಹೊಡೆದದ್ದು ಸಮಾಧಾನಕ್ಕೆ. ಗಡ್ಡೆಯ ಬದಲು ತುದಿಕುಡಿಗೆ ಬೇರು ಬರಿಸಿದ ಸಸಿ ನೆಟ್ಟು ಇಲ್ಲೇ ಬಿತ್ತನೆ ಮಾಡಿಕೊಳ್ಳುವ ವಿಧಾನ ಹಾಸನದಲ್ಲಿ ಬಳಕೆಗೆ ಬಂದಿದೆ. ಈ ದಾರಿಯಲ್ಲಿ ಭರವಸೆ ಹುಟ್ಟಿಸುವ ಹೊಸತು ಅದೊಂದೇ.

ಸಕಲೇಶಪುರದಿಂದ ಮೂಡಿಗೆರೆಗೆ ತಿರುಗಿದರೆ ಮೇಲೆ ಕಾಫಿ, ತಗ್ಗಿನಲ್ಲಿ ಗದ್ದೆ. ನಾಟಿಯಾದ ಗದ್ದೆಯ ಪಕ್ಕದಲ್ಲೇ ಪಾಳು ಗದ್ದೆ, ಅದರಾಚೆ ಬಸಿಗಾಲುವೆ ತೋಡಿ ಅಡಿಕೆಯೋ ಶುಂಠಿಯೋ ಹಾಕಿದ ಗದ್ದೆ. ಗದ್ದೆ ಎಂದರೆ ಭತ್ತವಷ್ಟೇ ಅಲ್ಲ, ಮಳೆನೀರು ತಿಂಗಳುಗಟ್ಟಲೆ ನಿಂತು ಇಂಗುವ ಜಾಗ. ಬಸಿಗಾಲುವೆ ತೋಡಿದರೆ ಆ ನೀರು ಹಳ್ಳ ಸೇರುತ್ತದೆ. ಗದ್ದೆ ಬಿಟ್ಟವರನ್ನು ದೂರಿ ಫಲವಿಲ್ಲ. ಹಾಲುಗಾಳು ಕಟ್ಟುವಾಗ ಆನೆ ಬರುತ್ತದೆ, ಕೊಯ್ಲಿಗೆ ಆಳು ಬೇಕಾದಾಗ ಕಾಫಿ ಹಣ್ಣು ಕೊಯ್ಲೂ ಶುರುವಾಗಿರುತ್ತದೆ, ಕೂಲಿಯವರು ಜಾಸ್ತಿ ಸಂಬಳದ ಕಡೆಗೇ ಹೋಗುತ್ತಾರೆ. ಕಾಫಿಗೆ ಬೆಲೆ ಬಂದ ವರ್ಷ ಅಕ್ಕಿ ಕೊಂಡರಾಯಿತು ಅನ್ನಿಸುವುದೂ ಸಹಜ.

ಆದರೆ ಮಲೆನಾಡಿನ ಥಂಡಿಯಲ್ಲಿ ಭತ್ತದ ಬೀಜ ರಾಗಿಯ ಹಾಗೆ ಕಾಯುವುದಿಲ್ಲ. ಗದ್ದೆ ಪಾಳುಬಿಟ್ಟು ಎರಡು ಮಳೆಗಾಲ ಪಣತದಲ್ಲೇ (ಭತ್ತದ ಕಣಜದಲ್ಲೇ) ಉಳಿದ ಬಿತ್ತನೆ ಭತ್ತ ಸಸಿಮಡಿಯಲ್ಲಿ ಸರಿಯಾಗಿ ಮೊಳೆಯುವುದು ಅನುಮಾನ.