ತುಮಕೂರಿಂದ ಸಂಡೂರಿಗೆ: ಲಂಬಾಣಿ ಕಸೂತಿ ತಗೋಬೇಕು ಅಂತಿರೋರು ಹಂಪಿಲಿ ದುಡ್ಡು ಖಾಲಿ ಮಾಡ್ಕೋಬೇಡಿ

ಹಂಪಿಗೆ ಹೋದೋರೆಲ್ಲ ಒಂದು ಕನ್ನಡಿ ಹಾಕಿರೋ ಬ್ಯಾಗೋ ದಿಂಬಿನ ಕವರೋ ತಗೊಂಡು ಬಂದು "ಲಂಬಾಣಿ ವರ್ಕ್, ಕೈಯಲ್ಲಿ ಮಾಡಿದ್ದು" ಅಂತ ನೆಂಟರಿಗೆ ತೋರಿಸ್ತಾರೆ. ಅದ್ರಲ್ಲಿ ಎಷ್ಟೋ ಲಂಬಾಣಿ ಕೆಲಸಾನೇ ಅಲ್ಲ, ಕೆಲವಂತೂ ಕೈಕೆಲಸಾನೂ ಅಲ್ಲ. ಇದನ್ನ ನಾನು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ತುಮಕೂರಲ್ಲಿ ನಂದು ಟೈಲರಿಂಗ್, ಸ್ಕೂಲ್ ಡೇ ಸೀಸನ್ ಬಂದ್ರೆ ಮಕ್ಕಳಿಗೆ ಲಂಬಾಣಿ ಡ್ಯಾನ್ಸ್ ಡ್ರೆಸ್ ಹೊಲಿದು ಕೊಡ್ತೀನಿ, ಮಂಡಿಪೇಟೆಯಿಂದ ಪ್ಲಾಸ್ಟಿಕ್ ಕನ್ನಡಿ ಪ್ಯಾಕೆಟ್ ತಂದು, ಮಿಷಿನ್ನಲ್ಲಿ ಲೇಸ್ ಹೊಡೆದು. ಸ್ಟೇಜ್ ಮೇಲೆ ಹತ್ತು ನಿಮಿಷಕ್ಕೆ ಅದು ಸಾಕು, ನಾನು ತಗೊಳ್ಳೋದೂ ಮಿಷಿನ್ ಹೊಲಿಗೆ ರೇಟೇ. ಅದೇ ಪ್ಲಾಸ್ಟಿಕ್ ಕನ್ನಡಿ, ಅದರ ಸುತ್ತ ರೆಡಿಮೇಡ್ ರಿಂಗು ಹಾಕಿರೋ ಬ್ಯಾಗನ್ನ ಹಂಪಿಲಿ ಒಬ್ಬ ಅಂಗಡಿಯವನು ನಮ್ಮ ಚಿಕ್ಕಮ್ಮಂಗೆ 1,400 ರೂಪಾಯಿ ಅಂದಾಗ ನನಗೆ ಸಿಟ್ಟು ತಡೆಯೋಕಾಗ್ಲಿಲ್ಲ. "ತಾಂಡಾದೋರು ಮೂರು ತಿಂಗಳು ಕೂತು ಹೊಲಿದಿದ್ದು ಮೇಡಂ" ಅಂತಾನೆ. ಒಳಗೆ ಲೈನಿಂಗ್ ಬಿಚ್ಚಿ ತೋರಿಸಪ್ಪ ಅಂದೆ, ತೋರಿಸ್ಲಿಲ್ಲ. ಬ್ಯಾಗ್ ಅಲ್ಲೇ ಬಿಟ್ಟು ಬಂದ್ವಿ.

ಹಂಪಿ ಬಗ್ಗೆ ಬೇರೆ ಏನೂ ಬರೆಯಲ್ಲ, ಅದು ಎಲ್ಲರಿಗೂ ಗೊತ್ತು. ಹೊಸಪೇಟೆಯಿಂದ ಹೆಚ್ಚು ಕಮ್ಮಿ 30 ಕಿಲೋಮೀಟರ್ ದೂರದಲ್ಲಿ ಸಂಡೂರು ಇದೆ, ಈ ಕಸೂತಿಗೆ ಜಿಐ ಟ್ಯಾಗ್ (ಇದು ಇಂಥ ಊರಿನದ್ದೇ ಅಂತ ಸರ್ಕಾರ ಕೊಡೋ ಗುರುತು) ಸಿಕ್ಕಿರೋದು ಆ ಊರ ಹೆಸರಲ್ಲೇ, ಸಂಡೂರು ಲಂಬಾಣಿ ಕಸೂತಿ ಅಂತ, 2010ರಲ್ಲಿ. ಆದ್ರೆ ನಾವು ಇಳ್ಕೊಂಡಿದ್ದ ಲಾಡ್ಜ್‌ನೋರನ್ನ ಕೇಳಿದ್ರೆ "ಅಲ್ಲೇನೈತ್ರಿ, ಮೈನಿಂಗ್ ಲಾರಿ ಬಿಟ್ರ" ಅಂದ್ರು. ಆಟೋದೋರಿಗೂ ಗೊತ್ತಿಲ್ಲ. ಹಂಪಿ ನೋಡಿದ ಜನ ಅಷ್ಟು ಹತ್ತಿರದ ಸಂಡೂರನ್ನ ಬಿಟ್ಟು ವಾಪಸ್ ಹೋಗ್ತಾರಲ್ಲ, ಅದಕ್ಕೇ ಇಷ್ಟುದ್ದ ಬರೀತಿರೋದು.

ಮೊದ್ಲು ಬಸ್ಸಿನ ವಿಷಯ, ಯಾಕಂದ್ರೆ ತುಮಕೂರಿನೋರು ಸಿಕ್ಕಿ ಬೀಳೋದೇ ಇಲ್ಲಿ. ಬೆಂಗಳೂರಿಂದ ಹೊಸಪೇಟೆಗೆ ಹೋಗೋ ರಾತ್ರಿ ಪ್ರೈವೇಟ್ ಸ್ಲೀಪರ್‌ಗಳು ನಮ್ಮ ಬಸ್ ಸ್ಟ್ಯಾಂಡ್ ಒಳಗೆ ಬರಲ್ಲ, ಕ್ಯಾತ್ಸಂದ್ರ ಹತ್ರ ಇಲ್ಲಾ ಬಟವಾಡಿ ಹತ್ರ ಹೈವೇಲಿ ನಿಂತಿರಿ ಅಂತಾರೆ. ನಮಗೆ ಹತ್ತೂವರೆ ಅಂತ ಮೆಸೇಜ್ ಬಂತು. ಹತ್ತೂವರೆಗೆ ಫೋನ್ ಮಾಡಿದ್ರೆ ನೆಲಮಂಗಲ ದಾಟಿದೀವಿ ಅಂದ್ರು, ಹನ್ನೊಂದೂಕಾಲಿಗೂ ನೆಲಮಂಗಲ ದಾಟಿದೀವಿ ಅಂದ್ರು, ಬಂದಾಗ ಒಂದು ಗಂಟೆ ಹತ್ರ ಆಗಿತ್ತು, ಅಷ್ಟೊತ್ತೂ ನಾನು, ನಾದಿನಿ, ಅರವತ್ತು ದಾಟಿರೋ ಚಿಕ್ಕಮ್ಮ ಹೈವೇ ಪಕ್ಕ ಬ್ಯಾಗ್ ಮೇಲೆ ಕೂತಿದ್ವಿ, ಲಾರಿ ಗಾಳಿ ಮುಖಕ್ಕೆ ಹೊಡೀತಿತ್ತು. ಕೆಳಗಿನ ಬರ್ತ್‌ಗೆ ದುಡ್ಡು ಕಟ್ಟಿದ್ರೆ ಮೇಲಿನದು ಕೊಟ್ರು, "ಅಡ್ಜಸ್ಟ್ ಮಾಡ್ಕೊಳ್ರಿ" ಅಂತ. ಚಿಕ್ಕಮ್ಮಂಗೆ ಮಂಡಿ ನೋವು, ಏಣಿ ಹತ್ತೋಕಾಗಲ್ಲ, ಕೊನೆಗೆ ಒಬ್ಬ ಕಾಲೇಜ್ ಹುಡುಗ ತನ್ನ ಬರ್ತ್ ಬಿಟ್ಟುಕೊಟ್ಟ, ಆ ಮಗು ಚೆನ್ನಾಗಿರ್ಲಿ. ಬೆಳಗಿನ ಜಾವ ಹೊಸಪೇಟೆ ಬಸ್ ಸ್ಟ್ಯಾಂಡ್ ಬಿಟ್ಟು ಊರಾಚೆ ಬೈಪಾಸಲ್ಲಿ ಕತ್ತಲಲ್ಲಿ ಇಳಿಸಿ ಹೋದ್ರು. ಆಟೋದವನು 300 ಕೇಳ್ದ, ಕೊಟ್ವಿ, ಬೇರೆ ದಾರಿ ಇರ್ಲಿಲ್ಲ.

ವಾಪಸ್ ಬರುವಾಗ ಪ್ರೈವೇಟ್ ಸಹವಾಸನೇ ಬೇಡ ಅಂತ ಹಗಲು ಹೊತ್ತು ಸರ್ಕಾರಿ ಬಸ್ಸಲ್ಲಿ ಬಂದ್ವಿ, ನಿಮಗೂ ನಾನು ಹೇಳೋದು ಅದೇ. ತುಮಕೂರು ಬಸ್ ಸ್ಟ್ಯಾಂಡಿಂದ ಬೆಳಿಗ್ಗೆ ಬೇಗ ಚಿತ್ರದುರ್ಗ, ಅಲ್ಲಿಂದ ಹೊಸಪೇಟೆ ಬಸ್ ಹತ್ತಿ ಕೂಡ್ಲಿಗೀಲಿ ಇಳ್ಕೊಂಡ್ರೆ ಸಂಡೂರಿಗೆ ಬೇರೆ ಬಸ್ ಸಿಗುತ್ತೆ, ಹೊಸಪೇಟೆ ತನಕ ಹೋಗಿ ಸುತ್ತು ಹಾಕೋದೇ ಬೇಡ. ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಎರಡರಲ್ಲೂ ಶಕ್ತಿ ಯೋಜನೇಲಿ ಹೆಂಗಸರಿಗೆ ಟಿಕೆಟ್ ಫ್ರೀ, ಆಧಾರ್ ಕೈಯಲ್ಲೇ ಇಟ್ಕೊಳ್ಳಿ, ರಾಜಹಂಸ, ಸ್ಲೀಪರ್‌ಗೆಲ್ಲ ಇದು ನಡೆಯಲ್ಲ. ರಶ್ ಇರುತ್ತೆ, ಸುಳ್ಳು ಹೇಳಲ್ಲ, ಚಿತ್ರದುರ್ಗದ ತನಕ ನಿಂತುಕೊಂಡೇ ಹೋಗ್ಬೇಕಾಗಬಹುದು. ನನಗೆ ಜನ ಇದ್ರೆ ಏನೂ ಅನ್ಸಲ್ಲ, ಕೇಳಿದ್ರೆ ಯಾರಾದ್ರೂ ಜಾಗ ಮಾಡಿಕೊಡ್ತಾರೆ, ಮಾತಾಡ್ತಾ ದಾರಿ ಸಾಗುತ್ತೆ. ರಶ್ ಆಗಲ್ಲ ಅನ್ನೋರು ಕಾರ್ ಮಾಡ್ಕೊಂಡು ಹೋಗಿ, ಅಷ್ಟೇ.

ಹೊಸಪೇಟೆ ರೂಮ್ ಬಗ್ಗೆ ಒಂದೇ ಮಾತು, ರಜಾ ದಿನಗಳಲ್ಲಿ ಹೋಗ್ಬೇಡಿ. ಫೋನಲ್ಲಿ ಒಂದು ರೇಟ್, ಕೌಂಟರಲ್ಲಿ ಇನ್ನೊಂದು, ಬಿಸಿನೀರು ಆರರಿಂದ ಏಳರ ತನಕ ಮಾತ್ರ, ಒಂದು ಹಾಸಿಗೆ ಜಾಸ್ತಿ ಹಾಕೋಕೆ 400.

ಸಂಡೂರಲ್ಲಿ ನೋಡ್ಬೇಕಾಗಿರೋದು ಸಂಡೂರು ಕುಶಲ ಕಲಾ ಕೇಂದ್ರ. 1980ರ ದಶಕದಿಂದ ನಡೀತಿದೆ, ಸುತ್ತಮುತ್ತಲ ತಾಂಡಾಗಳ ಹೆಣ್ಮಕ್ಕಳೇ ಹೊಲಿಯೋರು, ಕೈಕೆಲಸದ ಗುಣಮಟ್ಟಕ್ಕೆ ಯುನೆಸ್ಕೋ ಕೊಡ್ತಿದ್ದ ಸೀಲ್ ಆಫ್ ಎಕ್ಸಲೆನ್ಸ್ ಕೂಡ ಬಂದಿದೆ. 2023ರ ಜುಲೈಲಿ ಹಂಪಿಲಿ ಜಿ20 ಸಭೆ ಆಯ್ತಲ್ಲ, ಆಗ ಇಲ್ಲಿನ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ಲಂಬಾಣಿ ವಸ್ತು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಆಯ್ತು. ಹೋಗೋ ಮುಂಚೆ ಫೋನ್ ಮಾಡಿ ಹೋಗಿ, ಅವತ್ತು ಹೊಲಿಯೋರು ಬಂದಿರ್ತಾರಾ ಅಂತ ಕೇಳ್ಕೊಳ್ಳಿ, ಹೊಲಿಯೋದನ್ನ ನೋಡದೆ ಬರೀ ಮಾಲು ನೋಡಿ ಬಂದ್ರೆ ಅರ್ಧ ಪ್ರಯಾಣ ವೇಸ್ಟ್.

ನಾವು ನೋಡಿದ್ವಿ. ಒಬ್ಬ ಅಕ್ಕ ಕೆಂಪು ಬಟ್ಟೆ ಮೇಲೆ ಕನ್ನಡಿ ಕೂರಿಸ್ತಿದ್ರು. ಕನ್ನಡಿಗೆ ತೂತು ಇರಲ್ಲ, ಗಮ್ಮೂ ಹಾಕಲ್ಲ. ಬೆರಳಲ್ಲಿ ಒತ್ತಿ ಹಿಡ್ಕೊಂಡು ಮೊದ್ಲು ಅದರ ಮೇಲೆ ಅಡ್ಡ ಉದ್ದ ನಾಲ್ಕು ಎಳೆ ಹಾಕಿ ಬಟ್ಟೆಗೆ ಕಟ್ಟಾಕ್ತಾರೆ, ಆಮೇಲೆ ಆ ಎಳೆಗಳಿಗೇ ಸೂಜಿ ಸಿಕ್ಕಿಸಿ ಸುತ್ತಲೂ ಕಾಜಾ ತರ ಹೊಲ್ಕೊಂಡು ಹೋಗ್ತಾರೆ, ಒಂದೊಂದು ಹೊಲಿಗೆಗೂ ಎಳೆ ಅಂಚಿಗೆ ಸರೀತಾ ಹೋಗಿ ಕೊನೆಗೆ ಕನ್ನಡಿ ಸುತ್ತ ದಪ್ಪ ಕಟ್ಟು ಆಗುತ್ತೆ. ನಾನು ಇಷ್ಟು ವರ್ಷ ಸೂಜಿ ಹಿಡಿದಿದ್ರೂ ಆ ವೇಗ ನೋಡಿ ಬೆರಗಾದೆ. ಉಗುರು ಹಾಕಿ ಎಬ್ಬಿಸಿ ನೋಡಿದೆ, ಒಂಚೂರೂ ಅಲುಗಾಡಲ್ಲ. "ಹಿಂದ ತಿರುವಿ ನೋಡ್ರಿ ಅಕ್ಕಾರ, ಮುಂದ ಎಲ್ಲಾರೂ ನೋಡ್ತಾರ" ಅಂದ್ರು ಅವರು. ತಿರುಗಿಸಿ ನೋಡಿದ್ರೆ ಹಿಂದೇನೂ ಅಷ್ಟೇ ನೀಟು.

ಹೊಲಿಗೆಗಳು ಹದಿನಾಲ್ಕು ತರ ಇದಾವೆ, ಕಿಲನ್, ವೇಲೆ, ಬಕ್ಯಾ, ಮಕಿ, ಸೂರ್ಯಕಾಂತಿ ಮಕಿ, ರೇಲೋ, ನಕ್ರಾ ಹಿಂಗೆ ಹೆಸರುಗಳು. ನನಗೆ ತುಂಬಾ ಹಿಡಿಸಿದ್ದು ಭುರಿಯಾ ಮತ್ತೆ ಪೋಟೆ. ಡಿಸೈನ್ ಎಲ್ಲ ಚೌಕ, ತ್ರಿಕೋನ, ಗೆರೆ, ಟ್ರೇಸಿಂಗ್ ಪೇಪರ್ ಇಲ್ದೇ ಬಟ್ಟೆಯ ಎಳೆ ಎಣಿಸ್ಕೊಂಡು ಕಣ್ಣಳತೇಲೇ ಹಾಕ್ತಾರೆ. ಲಂಬಾಣಿ ಹೆಂಗಸರ ಹಳೇ ಉಡುಪು ಅಂದ್ರೆ ಫೇಟಿಯಾ, ಅಂದ್ರೆ ಲಂಗ, ಬೆನ್ನಿಗೆ ದಾರ ಕಟ್ಟೋ ರವಿಕೆ ಕಾಂಚಳಿ, ತಲೆ ಮೇಲೆ ಹೊದಿಯೋ ಟುಕ್ರಿ. ಅವಕ್ಕೆ ಕನ್ನಡಿ ಒಂದೇ ಅಲ್ಲ, ಕವಡೆ, ಹಳೇ ಕಾಸು, ಮಣಿ, ಉಣ್ಣೆ ಗೊಂಡೆ ಎಲ್ಲ ಸೇರಿಸ್ತಾರೆ. ಎತ್ತುಗಳ ಮೇಲೆ ಉಪ್ಪು, ದವಸ ಹೇರ್ಕೊಂಡು ಊರೂರು ತಿರುಗ್ತಿದ್ದ ಜನ ಲಂಬಾಣಿಗಳು, ರೈಲು ಬಂದ್ಮೇಲೆ ಆ ವ್ಯಾಪಾರ ಹೋಯ್ತು, 1871ರ ಕಾಯ್ದೇಲಿ ಬ್ರಿಟಿಷರು ಎಷ್ಟೋ ಅಲೆಮಾರಿ ಜನರಿಗೆ ಅಪರಾಧಿಗಳು ಅಂತ ಪಟ್ಟ ಕಟ್ಟಿದ್ರು, ಅದರಲ್ಲಿ ಇವರೂ ಸಿಕ್ಕಿದ್ರು. ಹಂಗೂ ಅಜ್ಜಿಯಿಂದ ಅಮ್ಮಂಗೆ, ಅಮ್ಮನಿಂದ ಮಗಳಿಗೆ ಈ ಹೊಲಿಗೆ ಉಳ್ಕೊಂಡು ಬಂದಿದೆ. ಈಗ ಮನೇಲಿ ದಿನಾ ಫೇಟಿಯಾ ಉಡೋರು ವಯಸ್ಸಾದೋರು ಮಾತ್ರ, ಅದಕ್ಕೇ ಈ ಕೆಲಸಕ್ಕೆ ಸರಿಯಾದ ಕೂಲಿ ಕೊಡೋ ಜಾಗದಲ್ಲೇ ತಗೊಳ್ಳಿ ಅಂತ ನಾನು ಒತ್ತಿ ಹೇಳೋದು. ಆ ಅಕ್ಕ ಸುಶೀಲಾನಗರ ತಾಂಡಾದೋರು, ಮಗಳ ಕಾಲೇಜ್ ಫೀಸು ಈ ಸೂಜಿಯಿಂದಲೇ ಕಟ್ಟಿದೀನಿ ಅಂದ್ರು.

ರೇಟ್ ಕೇಳಿ ಗಾಬರಿ ಆಗ್ಬೇಡಿ. ಸಣ್ಣ ಪರ್ಸು, ಪೌಚು ಇದ್ರೆ ನೂರುಗಳಲ್ಲಿ, ದಿಂಬಿನ ಕವರ್, ಕುರ್ತಾ ಜಾಸ್ತಿ, ಮೈತುಂಬ ಕೆಲಸ ಇರೋದು ಸಾವಿರಗಳಲ್ಲಿ. ದಯವಿಟ್ಟು ಚೌಕಾಸಿ ಮಾಡ್ಬೇಡಿ. ನಮ್ಮ ನಾದಿನಿ ಶುರು ಮಾಡಿದ್ಲು, ನಾನು ಕೈ ಹಿಡಿದು ನಿಲ್ಲಿಸ್ದೆ. ಒಂದು ಬ್ಲೌಸ್‌ಗೆ ಕೈಯಲ್ಲಿ ಸಿಂಪಲ್ ಆರಿ ವರ್ಕ್ ಮಾಡಿಸಿದ್ರೇ ತುಮಕೂರಲ್ಲಿ ಈಗ ಎಷ್ಟು ಕೊಡ್ತೀವಿ ಅಂತ ಯೋಚನೆ ಮಾಡಿ.

ಹಂಪಿಲೋ ಬೆಂಗಳೂರಲ್ಲೋ ಎಕ್ಸಿಬಿಷನ್ನಲ್ಲೋ ಎಲ್ಲೇ ತಗೊಂಡ್ರೂ ನೋಡೋದು ಹಿಂಗೆ. ಮೊದ್ಲು ಹಿಂದುಗಡೆ ತಿರುಗಿಸಿ. ಮಿಷಿನ್ ಎಂಬ್ರಾಯ್ಡರಿ ಆದ್ರೆ ಹಿಂದೆ ಬೇರೆ ಬಣ್ಣದ ಬಾಬಿನ್ ದಾರ ಕಾಣುತ್ತೆ, ಇಲ್ಲಾ ಬಿಳಿ ಪೇಪರ್ ತರದ ಬಕ್ರಂ ಅಂಟ್ಕೊಂಡಿರುತ್ತೆ. ಕೈದಾದ್ರೆ ಹೊಲಿಗೆ ಒಂದರಂಗೆ ಒಂದು ಅಚ್ಚು ಹೊಡೆದಂಗೆ ಇರಲ್ಲ, ಗಂಟುಗಳು ಕಾಣ್ತವೆ. ಕನ್ನಡಿ ಗಾಜಿಂದಾದ್ರೆ ಕೆನ್ನೆಗೆ ತಾಗಿಸಿದ್ರೆ ತಣ್ಣಗಿರುತ್ತೆ, ಮುಖ ನೆಟ್ಟಗೆ ಕಾಣುತ್ತೆ, ಪ್ಲಾಸ್ಟಿಕ್ಕಲ್ಲಿ ಮುಖ ಅಲೆ ಅಲೆಯಾಗಿ ಕಾಣುತ್ತೆ. ಲೈನಿಂಗ್ ಹಾಕಿ ಪೂರ್ತಿ ಮುಚ್ಚಿ ಹೊಲಿದಿದ್ರೆ, ಒಂದು ಮೂಲೆ ಬಿಚ್ಚಿ ತೋರಿಸೋಕೂ ಒಪ್ಪದಿದ್ರೆ, ಎದ್ದು ಬನ್ನಿ.

ಇನ್ನೊಂದು ಮೋಸ ಅಂದ್ರೆ ಗುಜರಾತಿನ ಕಛ್ ಕಡೆ ಮಾಲನ್ನ ಲಂಬಾಣಿ ಅಂತ ಮಾರೋದು. ಕಛ್ ಕೆಲಸ ಕೀಳು ಅಂತ ನಾನು ಹೇಳ್ತಿಲ್ಲ, ಅದು ಅದರದೇ ದೊಡ್ಡ ವಿದ್ಯೆ, ಅಲ್ಲಿನ ರಬಾರಿ ಜನಾಂಗದೋರದ್ದೇ ಬೇರೆ, ಆಹೀರ ಜನಾಂಗದೋರದ್ದೇ ಬೇರೆ. ರಬಾರಿ ಕೆಲಸದಲ್ಲಿ ಕನ್ನಡಿ ದುಂಡಗೆ ಮಾತ್ರ ಅಲ್ಲ, ಚೌಕ, ತ್ರಿಕೋನ, ಬಾದಾಮಿ ಆಕಾರದಲ್ಲೂ ಇರುತ್ತೆ, ಆಹೀರರದ್ರಲ್ಲಿ ಚೈನ್ ಸ್ಟಿಚ್ಚಲ್ಲಿ ನವಿಲು, ಹೂಬಳ್ಳಿ ಜಾಸ್ತಿ. ಆದ್ರೆ ಅದನ್ನ ಅದರ ಹೆಸರಲ್ಲೇ ಮಾರ್ಬೇಕು ತಾನೇ? ನಮ್ಮ ಧಾರವಾಡದ ಕಸೂತಿನೂ ಇದರ ಜೊತೆ ಕಲಸಿಬಿಡ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತ್ಯೆ ಅಂತ ಅದರ ಹೊಲಿಗೆಗಳೇ ಬೇರೆ, ಅದರಲ್ಲಿ ಕನ್ನಡಿನೇ ಇರಲ್ಲ.

ಈಗ ಊಟ. ಸಂಡೂರು ಬಸ್ ಸ್ಟ್ಯಾಂಡಿಂದ ಸ್ವಲ್ಪ ನಡೆದ್ರೆ ಒಂದು ಖಾನಾವಳಿ ಇದೆ, ಬೋರ್ಡಲ್ಲಿ ಅಕ್ಷರ ಅರ್ಧ ಅಳಿಸಿಹೋಗಿದೆ, ನಾಲ್ಕೇ ಟೇಬಲ್ಲು, ಲಾರಿ ಡ್ರೈವರ್‌ಗಳೇ ಜಾಸ್ತಿ. ನಾದಿನಿ ಒಳಗೆ ಬರೋಕೆ ಹಿಂದೆ ಮುಂದೆ ನೋಡಿದ್ಲು. ಒಳಗೆ ಅಜ್ಜಿ ಒಬ್ಬರು ಒಲೆ ಮುಂದೆ ಕೂತು ರೊಟ್ಟಿ ಬಡೀತಿದ್ರು, ತಟ್ಟೆಗೆ ಬಿಸಿಬಿಸಿ ಜೋಳದ ರೊಟ್ಟಿ ಬೀಳ್ತಾನೇ ಇತ್ತು. ಬದ್ನೇಕಾಯಿ ಎಣಗಾಯಿ, ಅದರ ಮಸಾಲೇಲಿ ಗುರೆಳ್ಳು ಘಂ ಅಂತಿತ್ತು, ಪುಂಡಿ ಪಲ್ಯ, ಮಡಕಿ ಕಾಳು, ಶೇಂಗಾ ಚಟ್ನಿಪುಡಿ ಮೇಲೆ ಗಟ್ಟಿ ಮೊಸರು, ಜೊತೆಗೆ ಹಸಿ ಈರುಳ್ಳಿ, ಮೆಂತ್ಯೆ ಸೊಪ್ಪು, ಸೌತೆಕಾಯಿ. ರಾಗಿಮುದ್ದೆ ತಿಂದು ಬೆಳೆದ ನಮ್ಮ ಚಿಕ್ಕಮ್ಮ, ಜೋಳ ಹೊಟ್ಟೆಗೆ ಆಗಲ್ಲ ಅಂತಿದ್ದೋರು, ಮೂರು ರೊಟ್ಟಿ ತಿಂದ್ರು. ಅಜ್ಜಿ ಕೂತಲ್ಲಿಂದಲೇ "ಇನ್ನೊಂದು ತಗೋ ಯವ್ವಾ, ದೂರದಿಂದ ಬಂದೀರಿ" ಅಂತ ಕೂಗಿ ಹಾಕಿಸ್ತಿದ್ರು. ಮೂರು ಜನ ಹೊಟ್ಟೆ ತುಂಬ ತಿಂದಿದ್ದಕ್ಕೆ 240 ರೂಪಾಯಿ. ಹಂಪಿಲಿ ಅದೇ ದುಡ್ಡಿಗೆ ಒಂದು ಪ್ಲೇಟ್ ಫ್ರೈಡ್ ರೈಸ್ ತಿಂದಿದ್ವಿ, ಅದೂ ತಣ್ಣಗೆ. ಹನ್ನೆರಡೂವರೆ ಮುಂಚೆ ಹೋಗಿ, ಆಮೇಲೆ ಎಣಗಾಯಿ ಮುಗಿದುಹೋಗುತ್ತೆ. ಬೆಳಗಿನ ತಿಂಡಿಗೆ ಇಡ್ಲಿ ಹುಡುಕ್ಬೇಡಿ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ನಾಲಿಗೆ ಅಲ್ಲಿ ಎಲ್ಲೂ ಒಪ್ಪಲ್ಲ, ಗಾಡಿಗಳಲ್ಲಿ ಸಿಗೋ ಮಂಡಕ್ಕಿ ವಗ್ಗರಣೆ, ಮಿರ್ಚಿ ತಿನ್ನಿ.

ಧೂಳು ಇದೆ. ಅದಿರಿನ ಲಾರಿ ಓಡಾಡೋ ರಸ್ತೇಲಿ ಗಿಡದ ಎಲೆನೂ ಕೆಂಪಗಿರ್ತವೆ, ಉಬ್ಬಸ ಇರೋರು ಮಾಸ್ಕ್ ತಗೊಂಡು ಹೋಗಿ, ಬೇಸಿಗೆಲಿ ಬೇಡವೇ ಬೇಡ. ಮಳೆ ಬಂದ್ಮೇಲೆ, ಆಗಸ್ಟಿಂದ ಅಕ್ಟೋಬರ್ ತನಕ, ಬೆಟ್ಟ ಎಲ್ಲ ಹಸಿರು. ಟೈಮ್ ಇದ್ರೆ ಕುಮಾರಸ್ವಾಮಿ ದೇವಸ್ಥಾನಕ್ಕೆ ಹೋಗಿ ಬನ್ನಿ, ಬಸ್ ಕಮ್ಮಿ, ಆಟೋದವರ ಹತ್ರ ಕಾಯೋದೂ ಸೇರಿಸಿ ಮೊದ್ಲೇ ರೇಟ್ ಮಾತಾಡ್ಕೊಳ್ಳಿ.

ತಂದ ಬಟ್ಟೇನ ವಾಷಿಂಗ್ ಮಿಷಿನ್‌ಗೆ ಹಾಕ್ಬೇಡಿ, ಕನ್ನಡಿ ಒಡೆಯುತ್ತೆ. ಮೊದಲ ಸಲ ಬೇರೆ ಬಕೆಟ್ಟಲ್ಲಿ ತಣ್ಣೀರಲ್ಲಿ ಅದ್ದಿ ತೆಗೀರಿ, ಕೆಂಪು, ನೀಲಿ ಬಣ್ಣ ಬಿಡಬಹುದು. ಹಿಂಡ್ಬೇಡಿ, ನೆರಳಲ್ಲಿ ಮಟ್ಟಸವಾಗಿ ಹರಡಿ. ಇಸ್ತ್ರಿ ಮಾಡ್ಬೇಕಾದ್ರೆ ಕೆಳಗೆ ದಪ್ಪ ಟವೆಲ್ ಹಾಸಿ, ಬಟ್ಟೆ ಮಗುಚಿ ಹಾಕಿ ಹಿಂದುಗಡೆಯಿಂದ ಮಾಡಿ.