ಫ್ಲೈಯರ್‌ಗೆ ಕಾರಣ ತೂಕವಲ್ಲ, ಸ್ಕರ್ಟ್: ಪೆಲೆಟ್ ಪರೀಕ್ಷೆಯ ಮೂರನೇ ಸುತ್ತು

10 ಮೀಟರ್ ಏರ್ ರೈಫಲ್‌ನ ಪೆಲೆಟ್‌ಗಳಲ್ಲಿ (ಸೀಸದ ಪುಟ್ಟ ಗುಂಡುಗಳಲ್ಲಿ) ಎರಡು ವಾರ ಕಾಡಿದ ಫ್ಲೈಯರ್‌ಗಳ, ಅಂದರೆ ಉಳಿದವುಗಳಿಂದ ದೂರ ಹೋಗಿ ಬೀಳುವ ಹೊಡೆತಗಳ, ಮೂಲ ಕೊನೆಗೂ ಸಿಕ್ಕಿತು.

ವೈಸ್‌ಗೆ (ಅಲುಗಾಡದಂತೆ ಹಿಡಿಯುವ ಇಕ್ಕಳಕ್ಕೆ) ರೈಫಲ್ ಕಟ್ಟುವುದು, ಫೆಲ್ಟ್ ತುಂಡು ಹಾಕಿ ಬ್ಯಾರಲ್ ಒರೆಸುವುದು, ಒರೆಸಿದ ಮೇಲಿನ ಮೊದಲ ಇಪ್ಪತ್ತು ಹೊಡೆತ ಲೆಕ್ಕಕ್ಕೆ ಹಿಡಿಯದಿರುವುದು, ಇವೆಲ್ಲ ಗೊತ್ತಿರುವವೇ. 4.49, 4.50, 4.51 ಮಿ.ಮೀ. ಹೆಡ್ ಸೈಜ್‌ಗಳಲ್ಲಿ (ಪೆಲೆಟ್ ತಲೆಯ ಅಡ್ಡಳತೆ) ತಲಾ ಹತ್ತು ಹೊಡೆತದ ಮೂರು ಗ್ರೂಪ್ (ಒಂದೇ ಗುರಿಗೆ ಹೊಡೆದ ಹೊಡೆತಗಳ ಗುಂಪು) ಆಯಿತು. ಈ ಬ್ಯಾರಲ್‌ಗೆ ಒಗ್ಗಿದ್ದು 4.50. ಆದರೆ ಅದರಲ್ಲೂ ಹತ್ತಕ್ಕೆ ಎಂಟು ಒಂದೇ ತೂತಿಗೆ ಹೋದರೆ, ಒಂದೋ ಎರಡೋ 1.5 ಮಿ.ಮೀ. ದೂರ ಹೋಗಿ ಬೀಳುತ್ತಿದ್ದವು. 10 ಮೀಟರ್ ಗುರಿಯಲ್ಲಿ ನಡುವಿನಿಂದ 0.25 ಮಿ.ಮೀ. ಒಳಗೆ ಗರಿಷ್ಠ ಅಂಕ 10.9, ಆಮೇಲೆ ಪ್ರತಿ 0.25 ಮಿ.ಮೀ.ಗೆ 0.1 ಅಂಕ ಕಡಿಮೆ. ಅಂದರೆ 10.9 ಆಗಬೇಕಿದ್ದದ್ದು 10.4. ಅರವತ್ತು ಹೊಡೆತದಲ್ಲಿ ಇಂಥವು ಆರು ಬಿದ್ದರೆ ಮೂರು ಅಂಕ ಕೈಬಿಟ್ಟಿತು.

ಎಲ್ಲರ ಹಾಗೆ ಮೊದಲ ಅನುಮಾನ ತೂಕದ ಮೇಲೆ. ಮಿಲಿಗ್ರಾಂ ತೋರಿಸುವ ಅಕ್ಕಸಾಲಿಗರ ತಕ್ಕಡಿಯಲ್ಲಿ 500 ಪೆಲೆಟ್ ತೂಗಿ, ತೂಕದ ವ್ಯತ್ಯಾಸ 6 ಮಿ.ಗ್ರಾಂ. ಒಳಗಿರುವಂತೆ ಗುಂಪು ಮಾಡಿ ಹೊಡೆದರೂ ಫ್ಲೈಯರ್ ಹೋಗಲಿಲ್ಲ. ಲೆಕ್ಕವನ್ನು ಮೊದಲೇ ಹಾಕಿದ್ದರೆ ಅಷ್ಟು ಹೊತ್ತು ಉಳಿಯುತ್ತಿತ್ತು. ಸೆಕೆಂಡಿಗೆ 172 ಮೀಟರ್ ವೇಗದ ಪೆಲೆಟ್ 10 ಮೀಟರ್ ಕ್ರಮಿಸುವುದರೊಳಗೆ ಸುಮಾರು 16.6 ಮಿ.ಮೀ. ಕೆಳಗಿಳಿಯುತ್ತದೆ. 0.53 ಗ್ರಾಂ ಪೆಲೆಟ್‌ನಲ್ಲಿ 6 ಮಿ.ಗ್ರಾಂ. ಎಂದರೆ ಶೇ. 1ಕ್ಕೆ ಸ್ವಲ್ಪ ಹೆಚ್ಚು. ವೇಗದಲ್ಲಿ ಅದರರ್ಧ, ಇಳಿತದಲ್ಲಿ 0.2 ಮಿ.ಮೀ. ಅಷ್ಟೇ. 1.5 ಮಿ.ಮೀ. ಆಗಬೇಕಾದರೆ ತೂಕ 48 ಮಿ.ಗ್ರಾಂ.ನಷ್ಟು ಏರುಪೇರಾಗಬೇಕು. ಅದಕ್ಕಿಂತ ಮುಖ್ಯವಾಗಿ, ತೂಕದ ತಪ್ಪು ಮೇಲೆ-ಕೆಳಗೆ ಮಾತ್ರ ಕಾಣಬೇಕು. ನಮ್ಮ ಫ್ಲೈಯರ್ ಎಡಬಲಕ್ಕೂ ಹೋಗುತ್ತಿತ್ತು!

ಹತ್ತು ಪಟ್ಟಿನ ಲೂಪ್ (ಭೂತಗನ್ನಡಿ) ಹಿಡಿದಾಗ ಉತ್ತರ ಕಂಡಿತು. ಸ್ಕರ್ಟ್‌ನ (ಪೆಲೆಟ್‌ನ ಅಗಲವಾದ ಟೊಳ್ಳು ಬಾಲದ) ಅಂಚಿನಲ್ಲಿ ಉಗುರಿನ ಗುರುತಿನಂಥ ಸಣ್ಣ ತಗ್ಗು; ಅಲ್ಲಿ ಮಾತ್ರ ಸೀಸ ಹೊಳೆಯುತ್ತಿತ್ತು, ಉಳಿದ ಅಂಚು ಮಂಕು. ಪೆಲೆಟ್ ಬ್ಯಾರಲ್ ಬಿಡುವ ಕ್ಷಣದಲ್ಲಿ ತಗ್ಗಿನ ಕಡೆಯಿಂದ ಗಾಳಿ ಮೊದಲು ನುಗ್ಗಿ ಬಾಲವನ್ನು ಪಕ್ಕಕ್ಕೆ ತಳ್ಳುತ್ತದೆ. ಖಾತ್ರಿಗೆಂದು ಹತ್ತು ಒಳ್ಳೆಯ ಪೆಲೆಟ್‌ಗಳ ಅಂಚನ್ನು ಚಿಮಟದಿಂದ ಒತ್ತಿ ಹೊಡೆದು ನೋಡಿದೆವು. ತಗ್ಗನ್ನು ಹೇಗೆಂದರೆ ಹಾಗೆ ಇಟ್ಟಾಗ ಗ್ರೂಪ್ ಚೆಲ್ಲಾಪಿಲ್ಲಿ. ಎಲ್ಲವನ್ನೂ ಮೇಲ್ಮುಖವಾಗಿಟ್ಟಾಗ ಗ್ರೂಪ್ ಚಿಕ್ಕದಾಗಿಯೇ ಉಳಿದು ಜಾಗ ಬದಲಿಸಿತು.

ಐನೂರನ್ನೂ ಲೂಪ್‌ನಲ್ಲಿ ನೋಡುತ್ತ ಕೂರಲಾಗದು. ಗಾಜಿನ ಹಲಗೆಯನ್ನು ಒಂದು ಬದಿಗೆ 3 ಮಿ.ಮೀ. ಎತ್ತರಿಸಿ, ಮೇಲಿನ ಅಂಚಿಂದ ಪೆಲೆಟ್ ಉರುಳಿಸಿ. ತಲೆಗಿಂತ ಸ್ಕರ್ಟ್ ಅಗಲವಾದ್ದರಿಂದ ಅದು ತಲೆಯ ಕಡೆಗೆ ಬಾಗಿ ಉರುಳುತ್ತದೆ. ಒಳ್ಳೆಯವೆಲ್ಲ ಒಂದೇ ಜಾಗಕ್ಕೆ ಬಂದು ಸೇರುತ್ತವೆ, ತಗ್ಗಿರುವುದು ಕುಂಟುತ್ತದೆ, ಹೆಡ್ ಸೈಜ್ ಬೇರೆಯಾದದ್ದು ಬೇರೆ ಕಡೆ ಹೋಗಿ ನಿಲ್ಲುತ್ತದೆ. ಗಾಜನ್ನು ಆಗಾಗ ಒರೆಸಬೇಕು. ಸೀಸದ ಪುಡಿ ಕೂತರೆ ಒಳ್ಳೆಯದೂ ಕುಂಟುತ್ತದೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಕುಂಟುವವನ್ನು ತಿದ್ದಲು ಹೋಗಬೇಡಿ, ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ತಗ್ಗು ಬೀಳುವುದು ಬಹುಪಾಲು ಡಬ್ಬಿ ಸಾಗಿ ಬರುವ ದಾರಿಯಲ್ಲಿ. ಒಂದೇ ಲಾಟ್‌ನ (ಒಂದೇ ಸಲ ತಯಾರಾದ ಸರಕಿನ) ಹತ್ತು ಡಬ್ಬಿ ಕೇಳಿದರೆ ಬಂದದ್ದು ಏಳು. ಉಳಿದ ಮೂರರ ಚೀಟಿಯಲ್ಲಿ ಬೇರೆ ನಂಬರ್. ಮೇಲಿನ ಸ್ಪಂಜನ್ನು ತೆಗೆದಿದ್ದ ಒಂದು ಡಬ್ಬಿಯಂತೂ ಗಿಲಕಿಯ ಹಾಗೆ ಸದ್ದು ಮಾಡುತ್ತಿತ್ತು. ಅಷ್ಟು ದುಡ್ಡು ತೆಗೆದುಕೊಂಡವರು ಲಾಟ್ ನಂಬರ್ ನೋಡಿ ಕಳಿಸಬೇಕು. ದುಡ್ಡು ಕೊಡುವ ಮೊದಲೇ ಚೀಟಿಯ ಫೋಟೋ ಕೇಳಿ.

ಈ ನಡುವೆ ತಲೆ 50 ಮೀಟರ್ ರೈಫಲ್ ಕಡೆ ಓಡುತ್ತಿದೆ; ಅಲ್ಲಿ ಬಳಸುವುದು ಸಣ್ಣ ಬೋರ್‌ನ .22 ರಿಮ್‌ಫೈರ್ ಕಾಡತೂಸು. ದೊಡ್ಡ ಬೋರ್‌ನವರು ಮದ್ದು ತಾವೇ ಅಳೆದು ತುಂಬುತ್ತಾರೆ; .22 ರಿಮ್‌ಫೈರ್‌ನಲ್ಲಿ ಆ ದಾರಿ ಇಲ್ಲ, ಸರಿಯಾದ ಲಾಟ್ ಆರಿಸುವುದೊಂದೇ ಗತಿ. ಅದಕ್ಕೂ ಇದೇ ವೈಸ್ ಸಾಕು, ಹಿಡಿಕೆಯ ದವಡೆ ಮಾತ್ರ ಹೊಸದು ಬೇಕು. ಅಲ್ಯೂಮಿನಿಯಂ ತುಂಡು ತಂದಿಟ್ಟಾಗಿದೆ.

ಅದಕ್ಕೆ ಮೊದಲು ಒಂದೇ ಲಾಟ್‌ನ ಆರು ಡಬ್ಬಿ ಉರುಳಿಸುವುದು ಬಾಕಿ. ಡಬ್ಬಿಗೆ ನಲವತ್ತು ನಿಮಿಷ.