ಹಸಿರಿಗೆ ಎರಡು ಪ್ರಶ್ನಾರ್ಥಕ ಚಿಹ್ನೆ

ಫೆಬ್ರುವರಿ 11, 2025, ಮಂಗಳವಾರ

ಮಗಳ ಲಸಿಕೆ ಕಾರ್ಡ್ ಹುಡುಕುವಾಗ ಹಳೇ ನೋಟ್‌ಬುಕ್ ಸಿಕ್ಕಿತು. ಅವಳು ಹುಟ್ಟಿದ ಹೊಸತರಲ್ಲಿ ಹಾಲು ಕುಡಿಸಿದ ಲೆಕ್ಕ ಗೀಚಿದ್ದು: ‘1.40 ಎಡ. 2.55 ಬಲ, ಅರ್ಧಕ್ಕೇ ನಿದ್ದೆ. 3.20 ಮತ್ತೆ ಎಡ. ಉಚ್ಚೆ. 4.30 ಕಕ್ಕ, ಹಸಿರು??’ ನಿದ್ದೆಗಣ್ಣಿನ ಅಕ್ಷರ, ಗೆರೆಯ ಮೇಲೆ ನಿಂತೇ ಇಲ್ಲ. ಮೊದಲ ಒಂದೆರಡು ದಿನ ಕಪ್ಪಗೆ ಅಂಟಂಟಾಗಿ, ಆಮೇಲೆ ಹಸಿರಾಗಿ, ಕೊನೆಗೆ ಹಳದಿಗೆ ತಿರುಗುವುದೇ ಅದರ ಕ್ರಮ ಅಂತ ಆಗ ಯಾರೂ ಹೇಳಿರಲಿಲ್ಲ. ಬಿಳಿಚಿಕೊಂಡಂತೆ ಬಂದರೆ ಮಾತ್ರ ಕಾಯದೆ ಡಾಕ್ಟರಿಗೆ ತೋರಿಸಬೇಕು.

ಮುಂದಿನ ತಿಂಗಳು ಚಿಕ್ಕಮ್ಮನ ಮಗಳಿಗೆ ಹೆರಿಗೆ. ‘ಅಕ್ಕಾ, ಏನೇನು ಗೊತ್ತಿರಬೇಕು ಹೇಳೇ’ ಅಂತ ದುಂಬಾಲು ಬಿದ್ದಿದ್ದಾಳೆ. ಇದು ಅವಳಿಗೆ ಅಂತ ಬರೆಯುತ್ತಿರುವುದು. ಹೊಸ ಬಾಣಂತಿಯರು ಯಾರೇ ಓದಿದರೂ ಅವರಿಗೂ ಸೇರಿತು.

ನೋಡೇ, ಮೊದಲು ನಿನ್ನ ಕಿವಿಗೆ ಬೀಳುವ ಮಾತು ‘ಹಾಲು ಸಾಲುತ್ತಿಲ್ಲವೇನೋ’ ಅನ್ನುವುದು. ಮಗು ಅತ್ತರೂ ಅದೇ, ಮಲಗಿದರೂ ಅದೇ. ನೋಡಲು ಬಂದವರಲ್ಲಿ ಒಬ್ಬರಾದರೂ ಅದನ್ನು ಹೇಳದೆ ಎದ್ದು ಹೋಗುವುದಿಲ್ಲ. ಮೊದಲ ಎರಡು ಮೂರು ದಿನ ಬರುವುದು ಗಟ್ಟಿಯಾದ ಗಿಣ್ಣುಹಾಲು, ಅದೂ ಚಮಚದ ಲೆಕ್ಕದಲ್ಲಿ. ಮಗುವಿಗೆ ಆಗ ಅಷ್ಟೇ ಸಾಕು. ಎದೆ ತುಂಬುವುದು ಮೂರು ನಾಲ್ಕನೇ ದಿನದ ಹೊತ್ತಿಗೆ. ಸಿಸೇರಿಯನ್ ಆದವರಿಗೆ ಇನ್ನೂ ಸ್ವಲ್ಪ ತಡವಾಗಬಹುದು. ಈ ನಡುವೆ ಮಗುವಿನ ತೂಕ ಇಳಿಯುತ್ತದೆ. ಶೇ. 7ರವರೆಗೆ ಇಳಿಯುವುದು ಮಾಮೂಲು, ಶೇ. 10ರ ಹತ್ತಿರ ಬಂದರೆ ಡಾಕ್ಟರ್ ನೋಡಬೇಕು. ಸಾಮಾನ್ಯವಾಗಿ ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ವಾಪಸ್ ಬರುತ್ತದೆ. ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ, ಸಂಜೆಯಾದರೆ ಗಂಟೆಗಟ್ಟಲೆ ಎದೆ ಬಿಡುವುದಿಲ್ಲ. ಹಾಲು ಬತ್ತಿದ್ದಕ್ಕೆ ಇದು ಗುರುತಲ್ಲ. ಕೆಲವು ವಾರಗಳಾದ ಮೇಲೆ ಎದೆ ಮೆತ್ತಗಾಗುವುದೂ ಗುರುತಲ್ಲ. ಐದನೇ ದಿನದಿಂದ ದಿನಕ್ಕೆ ಆರು ಡೈಪರಾದರೂ ಒದ್ದೆಯಾಗುತ್ತಿವೆಯಾ, ತೂಕ ಏರುತ್ತಿದೆಯಾ, ಅಷ್ಟು ನೋಡು. ಡೈಪರಿಗೆ ಸುಳ್ಳು ಹೇಳಲು ಬರುವುದಿಲ್ಲ.

ಕುಡಿಸುವಾಗ ಪ್ರಾಣ ಹೋಗುವಷ್ಟು ನೋವಾದರೆ, ತೊಟ್ಟು ಒಡೆದು ರಕ್ತ ಬಂದರೆ, ‘ಎಲ್ಲರಿಗೂ ಹಾಗೇ’ ಅಂತ ಹಲ್ಲು ಕಚ್ಚಿ ಕೂರಬೇಡ. ಬಹಳ ಸಲ ಮಗು ಬರೀ ತೊಟ್ಟನ್ನು ಚೀಪುತ್ತಿರುತ್ತದೆ. ಬಾಯಿ ಅಗಲ ತೆರೆದ ಕ್ಷಣ ನೋಡಿ, ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗುವ ಹಾಗೆ ಹಿಡಿಸಬೇಕು. ಆಸ್ಪತ್ರೆಯಲ್ಲಿರುವಾಗಲೇ ನರ್ಸ್ ಎದುರಿಗೆ ಮಾಡಿ ಕಲಿತುಕೋ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು, ನೀರೂ ಬೇಡ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸರಿಯೇ. ಆದರೆ ತೂಕ ಏರದೆ ಡಾಕ್ಟರ್ ಡಬ್ಬಿ ಹಾಲು ಕೊಡಿ ಅಂದರೆ ಕೊಡು. ಯಾರು ಮೂಗು ಮುರಿದರೂ ಮುರಿಯಲಿ.

ಇನ್ನು ಅಳು. ಹೊಟ್ಟೆ ತುಂಬಿದೆ, ಡೈಪರ್ ಒಣಗಿದೆ, ತೇಗೂ ಬಂದಿದೆ. ಆದರೂ ಸಂಜೆಯಾದರೆ ಶುರು. ಮುಖ ಕೆಂಪಗೆ ಮಾಡಿ, ಮುಷ್ಟಿ ಬಿಗಿದು, ಕಾಲು ಹೊಟ್ಟೆಗೆ ಮಡಚಿ ಅಳುತ್ತಾಳೆ. ತಟ್ಟನೆ ನಿಲ್ಲಿಸುತ್ತಾಳೆ. ಸದ್ಯ ಅಂತ ನಾವು ಉಸಿರು ಬಿಡುವಷ್ಟರಲ್ಲಿ ಕೆಳತುಟಿ ನಡುಗುತ್ತದೆ, ಮತ್ತೆ ಮೊದಲಿಂದ. ಅಮೆರಿಕದ ಮಕ್ಕಳ ತಜ್ಞ ಬೆರ್ರಿ ಬ್ರೇಜಲ್ಟನ್ ತಾಯಂದಿರಿಂದ ಅಳುವಿನ ಲೆಕ್ಕ ಬರೆಸಿ 1962ರಲ್ಲಿ ಪ್ರಕಟಿಸಿದ್ದರು. ಏನೂ ಕಾಯಿಲೆಯಿಲ್ಲದ ಮಕ್ಕಳೇ ಆರನೇ ವಾರದ ಹೊತ್ತಿಗೆ ದಿನಕ್ಕೆ ಸುಮಾರು ಎರಡೂ ಮುಕ್ಕಾಲು ಗಂಟೆ ಅಳುತ್ತಿದ್ದವು. ಅಲ್ಲಿಂದ ಮುಂದೆ ಇಳಿಮುಖ. ನನಗೆ ಯಾವ ಸಮಾಧಾನದ ಮಾತಿಗಿಂತಲೂ ಹೆಚ್ಚು ಬಲ ಕೊಟ್ಟದ್ದು ಈ ‘ಆರನೇ ವಾರ’. ಅಳು ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತಿದ್ದರೆ ನೀನು ಏನೋ ಕೆಡಿಸುತ್ತಿದ್ದೀಯ ಅಂತಲ್ಲ, ಏರುವ ಕಾಲದಲ್ಲಿ ಏರುತ್ತಿದೆ ಅಷ್ಟೆ.

ಎತ್ತಿಕೊಂಡು ಓಡಾಡು, ಎದೆಗವಚಿಕೋ, ಗುನುಗು. ಒಂದು ದಿನ ಕೇಳುವ ಮಗು ಮರುದಿನ ಕೇಳದೆಯೂ ಇರಬಹುದು. ತಲೆ ಸಿಡಿಯುವಷ್ಟು ಸಿಟ್ಟು ಬಂದರೆ ಮಗುವನ್ನು ತೊಟ್ಟಿಲಲ್ಲಿ ಬೆನ್ನ ಮೇಲೆ ಮಲಗಿಸಿ, ಬಾಗಿಲೆಳೆದುಕೊಂಡು ಹೊರಗೆ ಬಂದುಬಿಡು. ಹತ್ತು ನಿಮಿಷ ಅತ್ತರೆ ಅದಕ್ಕೇನೂ ಆಗುವುದಿಲ್ಲ. ಹಿಡಿದು ಅಲುಗಾಡಿಸಿದರೆ ಮೆದುಳಿಗೇ ಪೆಟ್ಟು. ಇದನ್ನು ಗಂಡನಿಗೂ ಹೇಳಿಡು, ಮಗುವನ್ನು ಎತ್ತಿಕೊಳ್ಳುವ ಎಲ್ಲರಿಗೂ ಹೇಳಿಡು.

ನಿದ್ದೆಯಲ್ಲಿ ಮಗು ಮುಲುಗುತ್ತದೆ, ಮುಖ ಕಿವುಚುತ್ತದೆ, ಕೈಕಾಲು ಬಡಿಯುತ್ತದೆ. ಎಳೆ ಮಗುವಿನ ನಿದ್ದೆಯಲ್ಲಿ ಅರ್ಧ ಭಾಗ ಹೀಗೇ ಇರುತ್ತದೆ. ಸದ್ದಾದ ತಕ್ಷಣ ಎತ್ತಬೇಡ, ಒಂದು ನಿಮಿಷ ನೋಡು, ಎಷ್ಟೋ ಸಲ ತಾನೇ ಸುಮ್ಮನಾಗುತ್ತದೆ. ಉಸಿರು ಐದು ಹತ್ತು ಸೆಕೆಂಡ್ ನಿಂತು ಮತ್ತೆ ಸರಾಗವಾಗುವುದೂ ಉಂಟು. ಮೂಗಿನ ಕೆಳಗೆ ಬೆರಳಿಟ್ಟು ಕಾಯುವ ತಾಯಿ ನೀನೊಬ್ಬಳೇ ಅಲ್ಲ. ಇಪ್ಪತ್ತು ಸೆಕೆಂಡ್ ದಾಟಿದರೆ ಅಥವಾ ಬಾಯಿ ನೀಲಿಯಾದರೆ ಆಸ್ಪತ್ರೆಗೆ ಓಡಬೇಕು. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಆದರೂ ಅಷ್ಟೇ, ಬೆಳಗಾಗಲಿ ಅಂತ ಕಾಯಬಾರದು.

‘ಮಗು ಮಲಗಿದಾಗ ನೀನೂ ಮಲಗು’ ಅಂತ ಎಲ್ಲರೂ ಹೇಳುತ್ತಾರೆ. ಒಗೆಯುವುದು ಯಾರು, ನೀನು ಸ್ನಾನಕ್ಕೆ ಹೋಗುವುದು ಯಾವಾಗ ಅಂತ ಕೇಳಿದರೆ ಉತ್ತರವಿಲ್ಲ. ನನ್ನನ್ನು ಕೇಳಿದರೆ, ರಾತ್ರಿ ಒಂದು ಸರದಿಯನ್ನು ಪೂರ್ತಿಯಾಗಿ ಇನ್ನೊಬ್ಬರಿಗೆ ಬಿಟ್ಟುಕೊಡು. ಹಿಂಡಿಟ್ಟ ಹಾಲನ್ನು ಅವರೇ ಕುಡಿಸಲಿ, ಇಲ್ಲವೇ ನಿನ್ನ ಹತ್ತಿರ ತಂದು ಕುಡಿಸಿಕೊಂಡು ಹೋಗಿ ತೇಗು, ಡೈಪರ್, ಮಲಗಿಸುವುದು ಎಲ್ಲ ಅವರೇ ನೋಡಲಿ. ನಾಲ್ಕು ಗಂಟೆ ಒಂದೇ ಸಮನೆ ಮಲಗಿದವಳಿಗೆ ಪ್ರಪಂಚ ಬೇರೆಯೇ ಕಾಣುತ್ತದೆ.

ಮನಸ್ಸಿನ ವಿಷಯ ಸ್ವಲ್ಪ ನಿಧಾನಕ್ಕೆ ಓದು. ಮೂರರಿಂದ ಐದನೇ ದಿನದಲ್ಲಿ ಕಾರಣವಿಲ್ಲದೆ ಅಳು ಬರುತ್ತದೆ. ಬಸುರಿನಲ್ಲಿ ಏರಿದ್ದ ಹಾರ್ಮೋನುಗಳು ಹೆರಿಗೆಯಾದೊಡನೆ ಧಡಕ್ಕನೆ ಇಳಿದಿರುತ್ತವೆ. ಹೆಚ್ಚಿನವರಿಗೆ ಇದು ಎರಡು ವಾರದೊಳಗೆ ತಿಳಿಯಾಗುತ್ತದೆ. ಆಗದೆ, ಮಗು ಮಲಗಿದರೂ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ, ನಾನಿಲ್ಲದಿದ್ದರೇ ಎಲ್ಲರಿಗೂ ಒಳ್ಳೆಯದು ಅನ್ನಿಸಲು ಶುರುವಾದರೆ ಅದು ಕಾಯಿಲೆ. ಅದಕ್ಕೆ ಮದ್ದಿದೆ, ಎದೆಹಾಲು ಬಿಡಿಸದೆ ಕೊಡಬಹುದಾದ ಮಾತ್ರೆಗಳೂ ಇವೆ. ಹೆರಿಗೆಯಾದ ನೂರು ಹೆಂಗಸರಲ್ಲಿ ಸುಮಾರು 13 ಮಂದಿ ಖಿನ್ನತೆಯಂಥ ಮಾನಸಿಕ ತೊಂದರೆ ಅನುಭವಿಸುತ್ತಾರೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯದೇ ಲೆಕ್ಕ. ಇಲ್ಲದ ದನಿ ಕೇಳಿಸಿದರೆ, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ ಗಟ್ಟಿಯಾದರೆ ಅವತ್ತೇ ಆಸ್ಪತ್ರೆ. ಇದನ್ನು ನಿನ್ನ ಜೊತೆಗಿರುವವರು ಓದಿಟ್ಟುಕೊಳ್ಳಬೇಕು, ಆ ಹೊತ್ತಿಗೆ ನಿನಗೆ ಗೊತ್ತಾಗದೆ ಹೋಗಬಹುದು.

ಮಗು ಕೈಜಾರಿ ಬಿದ್ದಂತೆ, ನೀರಲ್ಲಿ ಮುಳುಗಿದಂತೆ ಕೆಟ್ಟ ಚಿತ್ರಗಳು ಸುಮ್ಮಸುಮ್ಮನೆ ಕಣ್ಣೆದುರು ಬರುವುದು ಬೇರೆ ವಿಷಯ. ಬಹುಪಾಲು ತಾಯಂದಿರಿಗೆ ಬರುತ್ತವೆ, ಯಾರೂ ಬಾಯಿ ಬಿಡುವುದಿಲ್ಲ. ಅವನ್ನು ಕಂಡು ನೀನೇ ಬೆಚ್ಚುತ್ತೀಯಲ್ಲ, ಅಂದರೆ ಅದು ನಿನ್ನ ಆಸೆಯಲ್ಲ. ಬಿಡದೆ ಕಾಡಿದರೆ ಡಾಕ್ಟರಿಗೆ ಹೇಳು.

ಮಗುವನ್ನು ಕಂಡ ಕೂಡಲೇ ಪ್ರೀತಿ ಉಕ್ಕಬೇಕು ಅಂತಲೂ ಇಲ್ಲ. ನಿನ್ನ ಮುಖ ನೋಡಿ ನಗುವುದಕ್ಕೇ ಅದು ಆರರಿಂದ ಎಂಟು ವಾರ ತೆಗೆದುಕೊಳ್ಳುತ್ತದೆ. ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ ತಾಯಿ-ಮಗುವಿನ ಮುಖಾಮುಖಿ ಆಟವನ್ನು ಕ್ಷಣಕ್ಷಣ ಬಿಡಿಸಿ ನೋಡಿದಾಗ, ಚೆನ್ನಾಗಿ ಹೊಂದಿಕೊಂಡ ಜೋಡಿಗಳಲ್ಲೂ ಇಬ್ಬರ ತಾಳ ಕೂಡುತ್ತಿದ್ದದ್ದು ಸುಮಾರು ಮೂರನೇ ಒಂದು ಪಾಲು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಸರಿಮಾಡಿಕೊಳ್ಳುವುದು. ಮಗು ಯಾಕೆ ಅಳುತ್ತಿದೆ ಅಂತ ನಿನಗೆ ತಿಳಿಯದೆ ಹೋದಾಗಲೆಲ್ಲ ಇದನ್ನು ನೆನಪು ಮಾಡಿಕೋ.

ನೋಡಲು ಬಂದವರ ಕೈಗೆ ಕೆಲಸ ಕೊಡು. ‘ಏನಾದರೂ ಬೇಕಾ’ ಅಂದರೆ ‘ಬೇಡ’ ಅನ್ನಬೇಡ, ಒಣಗಿದ ಬಟ್ಟೆ ಮಡಚಲು ಕೊಡು. ಉಪದೇಶ ತಾನಾಗಿ ಕಡಿಮೆಯಾಗುತ್ತದೆ.

ಹಾಂ, ಮೂರು ತಿಂಗಳಾದ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರುತ್ತದೆ. ಬಸುರಿನಲ್ಲಿ ಉದುರದೆ ಉಳಿದದ್ದೇ ಈಗ ಒಟ್ಟಿಗೆ ಹೋಗುವುದು, ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಮೊದಲಿನಂತಾಗುತ್ತದೆ. ನನ್ನದು ಸದ್ಯ ಉದುರುವ ಹಂತದಲ್ಲಿದೆ, ಬಚ್ಚಲ ಜಾಲರಿ ನೋಡಿದರೆ ಭಯವಾಗುತ್ತದೆ. ನಿನ್ನದು ಶುರುವಾಗುವ ಹೊತ್ತಿಗೆ ಕೇಳು, ನನಗೆ ವಾಪಸ್ ಬಂತೋ ಇಲ್ಲವೋ ಹೇಳುತ್ತೇನೆ.